ಮಗಳಿಗೆ ಓಬಳಮ್ಮ ಅಂತ ಹೆಸರಿಟ್ಟೆ: ನನ್ನ ಅನುಭವ

ಈ ಜೂನ್‌ನಲ್ಲಿ ಮಗಳನ್ನು ಎಲ್‌ಕೆಜಿಗೆ ಸೇರಿಸಿದೆ. ಮೊದಲ ದಿನ ಮಿಸ್ ಹಾಜರಿ ಕೂಗುವಾಗ ನಾನು ಕಿಟಕಿ ಹೊರಗೆ ಉಸಿರು ಬಿಗಿಹಿಡಿದು ನಿಂತಿದ್ದೆ. ಆದ್ಯಾ, ಅನ್ವಿಕಾ, ಆರಾಧ್ಯ, ಇನ್ನೊಬ್ಬಳು ಆದ್ಯಾ, ಜಾನ್ವಿ... ಆಮೇಲೆ ‘ಓಬಳಮ್ಮ’. ನನ್ನ ಮಗಳು ಬೆಂಚಿನಿಂದ ಇಳಿದು ಎರಡೂ ಕೈ ಎತ್ತಿ ‘ನಾನೇ’ ಅಂದಳು. ಮಿಸ್ ತಲೆ ಎತ್ತಿ ನೋಡಿ, ‘ನಮ್ಮಜ್ಜಿ ಹೆಸರೂ ಇದೇ ಕಣೇ’ ಅಂದರು. ಯಾರೂ ನಗಲಿಲ್ಲ. ಮೂರೂವರೆ ವರ್ಷದಿಂದ ಬಂಧುಬಳಗವೆಲ್ಲ ‘ಸ್ಕೂಲಿಗೆ ಸೇರಿಸೋ ದಿನ ನೋಡು, ಆಗ ಗೊತ್ತಾಗುತ್ತೆ’ ಅಂತ ಹೆದರಿಸಿದ್ದು ಇದೇ ದಿನಕ್ಕೆ. ನನಗೆ ಕಣ್ಣು ತುಂಬಿ ಬಂತು.

ಹೆಸರಿಟ್ಟಾಗ ‘ಹೆಣ್ಣುಮಗೂಗೆ ಅನ್ಯಾಯ ಮಾಡ್ತಿದೀಯ’ ಅಂದವರು ಒಬ್ಬಿಬ್ಬರಲ್ಲ. ಹೆತ್ತ ತಾಯಿಯೇ ಮೂರು ದಿನ ಮಾತು ಬಿಟ್ಟಿದ್ದರು. ಹಳೇ ಹೆಸರಿಡುವ ಆಸೆ ಇದ್ದೂ ನೆಂಟರ ಬಾಯಿಗೆ ಹೆದರಿ ಹಿಂದೆ ಸರಿದವರು ನಮ್ಮ ಕಡೆ ಬಹಳ ಜನ ಇದ್ದಾರೆ. ಅವರಿಗೆ ಅಂತ ಇದನ್ನು ಬರೆಯುತ್ತಿದ್ದೇನೆ. ನಕ್ಷತ್ರ, ಪಾದ, ತೊಟ್ಟಿಲ ಶಾಸ್ತ್ರ ಎಲ್ಲ ನಿಮಗೆ ಗೊತ್ತಿರುವುದೇ, ಅದನ್ನು ಬಿಡಿಸಿ ಹೇಳಲು ಹೋಗಲ್ಲ.

ಮಧುಗಿರಿಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ಪಹಣಿ ತೆಗೆದುಕೊಡುವುದು, ಜಾತಿ-ಆದಾಯಕ್ಕೆ, ಪಿಂಚಣಿಗೆ ಅರ್ಜಿ ಹಾಕುವುದು, ರೇಷನ್ ಕಾರ್ಡ್ ತಿದ್ದುಪಡಿ. ಹನ್ನೆರಡು ವರ್ಷದಿಂದ ಜನರ ಹೆಸರು ಟೈಪ್ ಮಾಡುವುದೇ ನನ್ನ ಬದುಕು. ಹೆಸರು ಕೇಳಿದರೆ ಸೀಮೆ ಹೇಳಬಲ್ಲೆ. ಜುಂಜಣ್ಣ ಅಂದರೆ ಶಿರಾ ಕಡೆಯ ಗೊಲ್ಲರಹಟ್ಟಿ. ಸಿದ್ದಲಿಂಗಯ್ಯ, ಸಿದ್ದಗಂಗಮ್ಮ ಅಂದರೆ ಎಡೆಯೂರಿಗೋ ಸಿದ್ಧಗಂಗೆಗೋ ನಡೆದುಕೊಳ್ಳುವ ಮನೆ. ಮುನಿಯಪ್ಪ, ಮುನಿರತ್ನಮ್ಮ ಬಂದರೆ ಗೌರಿಬಿದನೂರು ದಾಟಿ ಚಿಕ್ಕಬಳ್ಳಾಪುರ, ಕೋಲಾರ. ಓಬಳಪ್ಪ, ಓಬಳೇಶ, ಓಬಮ್ಮ ಅಂದರೆ ಪಾವಗಡ, ಮಧುಗಿರಿಯ ಗಡಿ ಹಳ್ಳಿಗಳು. ಆಂಧ್ರದ ಅಹೋಬಲದ ನರಸಿಂಹ ನಮ್ಮ ಜನರ ನಾಲಿಗೆಯಲ್ಲಿ ಓಬಳ ಆಗಿದ್ದಾನೆ. ಆದರೆ ಇದೆಲ್ಲ ಐವತ್ತು ದಾಟಿದವರ ಹೆಸರಿಂದ ಮಾತ್ರ ಸಾಧ್ಯ. ಹತ್ತರೊಳಗಿನ ಮಕ್ಕಳ ಹೆಸರು ಟೈಪ್ ಮಾಡುವಾಗ ಮಗು ಮಿಡಿಗೇಶಿಯದೋ ಮುಂಬೈಯದೋ ತಿಳಿಯಲ್ಲ. ಒಂದು ವರ್ಷ ಹಠಕ್ಕೆ ಬಿದ್ದು ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತಾ ಎಣಿಸಿದೆ. ನನ್ನ ಕೈ ಮೇಲೆ ಹೋದ ನಾನೂರು ಚಿಲ್ಲರೆ ಮಕ್ಕಳಲ್ಲಿ ‘ಅಮ್ಮ’ ಅಂತ ಮುಗಿಯುವ ಹೆಸರು ಮೂರೇ ಮೂರು. ಅದರಲ್ಲಿ ಎರಡು ಅವಳಿ ಮಕ್ಕಳದು.

ನಾನೇನೂ ಮೊದಲಿನಿಂದ ಹೀಗಿದ್ದವಳಲ್ಲ. 2016ರಲ್ಲಿ ಮಗ ಹುಟ್ಟಿದಾಗ ಎಲ್ಲರಂತೆ ಮೊಬೈಲಿನಲ್ಲಿ ಹುಡುಕಿ ಅದ್ವಿತ್ ಅಂತ ಇಟ್ಟೆ. ಬೆಂಗಳೂರಿನ ಒಬ್ಬ ಸಂಖ್ಯಾಶಾಸ್ತ್ರದವರಿಗೆ 2,500 ರೂಪಾಯಿ ಕೊಟ್ಟು ಇಂಗ್ಲಿಷಿನಲ್ಲಿ ಒಂದಕ್ಷರ ಹೆಚ್ಚಿಗೆ ಸೇರಿಸಿಕೊಂಡು ಬಂದೆವು. ಜನನ ಪ್ರಮಾಣಪತ್ರದಲ್ಲಿ ಆ ಅಕ್ಷರ ಬಿದ್ದುಹೋಯಿತು, ಆಧಾರಿನಲ್ಲಿ ‘ವಿ’ ಹೋಗಿ ‘ಡಬ್ಲ್ಯೂ’ ಬಂತು. ಅಫಿಡವಿಟ್ಟು, ನೋಟರಿ, ಪೇಪರ್ ಜಾಹೀರಾತು, ಬಸ್ಸಿನ ಓಡಾಟ ಎಲ್ಲ ಸೇರಿ ಆರು ಸಾವಿರ ಖರ್ಚು, ಹೆಚ್ಚುಕಡಿಮೆ ಎರಡು ವರ್ಷ. ಇಷ್ಟಾಗಿ ಒಂದನೇ ಕ್ಲಾಸಿಗೆ ಹೋದರೆ ಅಲ್ಲಿ ಇನ್ನಿಬ್ಬರು ಅದ್ವಿತ್. ನನ್ನ ಮಗ ‘ದೊಡ್ಡ ಅದ್ವಿತ್’ ಆದ. ಇದಕ್ಕಿಂತ ನೋವಾಗಿದ್ದು ನಮ್ಮ ಮಾವನದು. ಆ ಹೆಸರು ಅವರ ನಾಲಿಗೆಗೆ ಬರುತ್ತಿರಲಿಲ್ಲ. ತಪ್ಪು ಹೇಳಿ ಮೊಮ್ಮಗನ ಕೈಲಿ ತಿದ್ದಿಸಿಕೊಳ್ಳಲು ನಾಚಿಕೆಯಾಗಿ ‘ಮರಿ’ ಅಂತಲೇ ಕರೆಯುತ್ತಿದ್ದರು. ಐದು ವರ್ಷ ತಾತನ ಬಾಯಲ್ಲಿ ಒಮ್ಮೆಯೂ ಮಗುವಿನ ಹೆಸರು ಬರಲಿಲ್ಲ.

ಅದಕ್ಕೇ ಎರಡನೇ ಸಲ ಬಸುರಿಯಾದಾಗ ಐದನೇ ತಿಂಗಳಿಂದಲೇ ಶುರುಮಾಡಿದೆ. ಮೊದಲು ಹಿಡಿದದ್ದು ಹೆಳವರನ್ನು, ಅಂದರೆ ಮನೆಮನೆಗೆ ಬಂದು ವಂಶಾವಳಿ ಹೇಳುವವರನ್ನು. ನಮ್ಮ ಮನೆತನದ ಹೆಳವರು ಹಿಂದೆ ಎತ್ತಿನ ಮೇಲೆ ಗಂಟೆ ಬಾರಿಸುತ್ತಾ ಬರುತ್ತಿದ್ದರಂತೆ, ಈಗ ಬೈಕಿನಲ್ಲಿ ಬರುತ್ತಾರೆ, ಅದೂ ಸುಗ್ಗಿ ಮುಗಿದ ಮೇಲೆ. ಅಲ್ಲೀತನಕ ಕಾಯಲಾರದೆ ಫೋನ್ ನಂಬರ್ ಹುಡುಕಿಸಿ ಕರೆಸಿದೆ. ಅರ್ಧ ಚೀಲ ರಾಗಿ, ಒಂದು ಪಂಚೆ, 1,500 ರೂಪಾಯಿ, ಪೆಟ್ರೋಲಿಗೆ ಇನ್ನೂರೋ ಮುನ್ನೂರೋ. ಜಗಲಿ ಮೇಲೆ ಕೂತು ಒಂಬತ್ತು ತಲೆಮಾರನ್ನು ರಾಗವಾಗಿ ಹೇಳಿದರು, ಕೇಳಲು ಎರಡು ಕಿವಿ ಸಾಲದು. ಬರೆದುಕೊಂಡು ನೋಡಿದರೆ ಗಂಡಸರ ಹೆಸರು ಮೂವತ್ತರ ಮೇಲೆ, ಹೆಂಗಸರದು ಎರಡು. ಆ ಎರಡರಲ್ಲಿ ಒಬ್ಬರು ಮಾಸ್ತಿಯಾದವರು, ಅಂದರೆ ಗಂಡನ ಚಿತೆ ಏರಿದವರು. ‘ಉಳಿದ ಹೆಣ್ಣುಮಕ್ಕಳೆಲ್ಲಿ ಸ್ವಾಮಿ?’ ಅಂದೆ. ‘ಹೆಣ್ಣು ಬ್ಯಾರೆ ಮನೆ ಬಳ್ಳಿ ಕಣವ್ವ, ನಮ್ ಲೆಕ್ಕಕ್ಕೆ ಬರಕಿಲ್ಲ’ ಅಂದರು. ಹೊರಡುವಾಗ ಬೈಕ್ ಹತ್ತಿಕೊಂಡೇ ಒಂದು ಮಾತು ಬಿಟ್ಟು ಹೋದರು: ‘ನಿಮ್ಮ ಬೇವಿನಮರದ ಹೊಲ ಐತಲ್ಲ, ಅದು ಹೆಣ್ಣಿನ ದುಡ್ಡು.’ ಆಗ ಅದು ನನ್ನ ತಲೆಗೆ ಹೋಗಲಿಲ್ಲ.

ಇದಕ್ಕೂ ಎರಡು ವರ್ಷ ಮೊದಲು ನಾದಿನಿ ಮಗಳಿಗೆ ಒಂದು ಪ್ರಯೋಗ ಮಾಡಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ಆಗ ನನಗೆ ಶಾಸನದ ಹುಚ್ಚು ಹಿಡಿದಿತ್ತು. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ನಮ್ಮ ತುಮಕೂರು ಜಿಲ್ಲೆಯದು 12ನೇ ಸಂಪುಟ, 1904ರದು. ಕೋಲಾರದ್ದು 10ನೆಯದು, 1905ರದು. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಕಂಪ್ಯೂಟರಿನಲ್ಲಿ ಅವನ್ನು ತೆರೆದಿಟ್ಟುಕೊಂಡು ಹೆಸರು ಹೆಕ್ಕುತ್ತಿದ್ದೆ. ‘ಅಬ್ಬೆ’ ಅಂತ ಮುಗಿಯುವ ಹೆಸರುಗಳ ಮೇಲೆ ಜೀವವೇ ಹೋಯಿತು. ಕೊನೆಗೆ ಎಲ್ಲರನ್ನೂ ಒಪ್ಪಿಸಿ ಆ ಮಗುವಿಗೆ ಅತ್ತಿಮಬ್ಬೆ ಅಂತ ಇಡಿಸಿದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದ ಮಹಾತಾಯಿ, ಇದಕ್ಕಿಂತ ಹೆಸರು ಬೇಕೇ ಅಂತ ನನ್ನ ವಾದ. ಆರು ತಿಂಗಳಲ್ಲಿ ಮಗು ‘ಅತ್ತಿ’ ಆಯಿತು, ಓಣಿ ಹುಡುಗರು ‘ಅತ್ತೆ’ ಅಂದರು, ವರ್ಷ ತುಂಬುವ ಹೊತ್ತಿಗೆ ‘ಪಿಂಕಿ’. ಈಗಲೂ ಪಿಂಕಿಯೇ. ಹೆಸರಲ್ಲಿ ತಪ್ಪಿರಲಿಲ್ಲ. ಆ ಹೆಸರನ್ನು ಹೊತ್ತ ಒಬ್ಬ ಹೆಂಗಸನ್ನೂ ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ, ಅವಳ ಕೈಯ ಮುದ್ದೆ ತಿಂದಿರಲಿಲ್ಲ. ಕಲ್ಲಿನಿಂದ ತಂದ ಹೆಸರು ಕಲ್ಲಿಗೇ ವಾಪಸು ಹೋಯಿತು.

ಇನ್ನೊಂದು ತಪ್ಪು ಅಣ್ಣನ ಮಗನದು. ಅವನಿಗೆ ಇಡಬೇಕು ಅಂತಿದ್ದದ್ದು ನಮ್ಮ ತಾತನ ಹೆಸರು, ಸಿದ್ದಪ್ಪ. ‘ಅಪ್ಪ ತೆಗೆದುಹಾಕೋಣ, ಬರೀ ಸಿದ್ದ ಅಂದರೆ ಚೆನ್ನಾಗಿರುತ್ತೆ, ಈಗಿನ ಕಾಲಕ್ಕೂ ಹೊಂದುತ್ತೆ’ ಅಂತ ಸಲಹೆ ಕೊಟ್ಟಿದ್ದು ನಾನೇ. ಅದೇ ವಾರ ಅಂಗಡಿಗೆ ಒಬ್ಬ ಅಜ್ಜ ಸಂಧ್ಯಾ ಸುರಕ್ಷಾ ಪಿಂಚಣಿಗೆ ಅರ್ಜಿ ಹಾಕಿಸಲು ಬಂದರು. ತಂದೆ ಹೆಸರು ಕೇಳಿದೆ. ‘ಕರಿಯಪ್ಪ’ ಅಂದರು. ದಾಖಲೆ ನೋಡಿದರೆ ಎಲ್ಲದರಲ್ಲೂ ‘ಬಿನ್ ಕರಿಯ’, ಅಂದರೆ ಕರಿಯನ ಮಗ. ದಾಖಲೆಯಲ್ಲಿದ್ದ ಹಾಗೇ ಹಾಕಬೇಕು ಅಜ್ಜ, ಇಲ್ಲಾಂದ್ರೆ ಅರ್ಜಿ ವಾಪಸು ಬರುತ್ತೆ ಅಂದೆ. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ‘ನಮ್ಮಪ್ಪ ಊರ ದೊಡ್ಡಮನೆ ಜೀತ ಮಾಡ್ದೋನು. ಸಾಯೋಗಂಟ ಅವರ ಬಾಯಲ್ಲಿ ಕರಿಯ. ಬರೆಯೋರೂ ಅಂಗೇ ಬರ್ಕಂಡ್ರು. ನಾವು ಮಕ್ಕಳು ಮನೆಯಾಗೆ ಕರಿಯಪ್ಪ ಅಂತಿದ್ವಿ. ಅಪ್ಪ ಅನ್ನೋದು ಸುಮ್ಕೆ ಬರಲ್ಲ ಕಣವ್ವ.’

ನಾನು ‘ಕರಿಯ’ ಅಂತಲೇ ಟೈಪ್ ಮಾಡಬೇಕಾಯಿತು. ಆ ಕೀಲಿ ಒತ್ತಿದ್ದು ಇವತ್ತಿಗೂ ಬೆರಳಲ್ಲಿದೆ.

ಅವತ್ತು ರಾತ್ರಿಯೇ ಅಣ್ಣನಿಗೆ ಫೋನ್ ಮಾಡಿ ‘ಸಿದ್ದಪ್ಪ ಅಂತ ಪೂರ್ತಿ ಇಡು’ ಅಂದೆ. ಪುಣ್ಯಕ್ಕೆ ಜನನ ಪ್ರಮಾಣಪತ್ರಕ್ಕೆ ಇನ್ನೂ ಹೆಸರು ಸೇರಿಸಿರಲಿಲ್ಲ. ನಾನು ಎಲ್ಲರಿಗೂ ಹೇಳುವ ಮಾತು ಇದೊಂದೇ: ಹಳೇ ಹೆಸರಿನ ಬಾಲ ಕತ್ತರಿಸಬೇಡಿ. ಅಪ್ಪ, ಅಮ್ಮ, ಅಣ್ಣ, ಅಕ್ಕ, ಅಯ್ಯ ಇವು ವಯಸ್ಸಾದವರ ಗುರುತಲ್ಲ, ಮರ್ಯಾದೆಯ ಗುರುತು. ಎಷ್ಟೋ ಜನಕ್ಕೆ ಅದನ್ನು ಕೊಡದೆ ಇಟ್ಟಿದ್ದರು. ನಾವು ಈಗ ಸ್ಟೈಲು ಅಂತ ಕಿತ್ತು ಬಿಸಾಡುತ್ತಿದ್ದೇವೆ. ಎಂಟು ದಿನದ ಕೂಸನ್ನು ‘ಅಮ್ಮ’ ಅಂತ ಕರೆಯುವುದರಲ್ಲಿ ಇರುವ ಸುಖ ಕರೆದು ನೋಡಿದವರಿಗೇ ಗೊತ್ತು.

ಹೊಸ ಬಾಲ ಅಂಟಿಸುವುದೂ ಅಷ್ಟೇ ಕೆಟ್ಟದ್ದು. ಮಗಳು ಹುಟ್ಟಿದ್ದು ರೋಹಿಣಿ ಒಂದನೇ ಪಾದ. ಪುರೋಹಿತರು 501 ದಕ್ಷಿಣೆ ತಗೊಂಡು ‘ಓ’ ಅಕ್ಷರ ಅಂದರು. ಓವಿಯಾ, ಓಜಸ್ವಿ, ಓಷಿಕಾ ಅಂತ ವಾಟ್ಸಾಪಿನಲ್ಲಿ ಮಳೆ ಸುರಿಯಿತು. ಓರಗಿತ್ತಿ ‘ಓಬಳಿಕಾ ಅಂತ ಇಡು, ನಿಂಗೂ ಹಳೇದು, ನಮಗೂ ಹೊಸದು’ ಅಂದಳು. ಒಂದು ವಾರ ಹಾಗೇ ಕರೆದು ನೋಡಿದೆ. ಉಪ್ಪೂ ಇಲ್ಲ, ಹುಳಿಯೂ ಇಲ್ಲ.

ಅಂದಹಾಗೆ, ಓಬಳಮ್ಮ ಅನ್ನುವುದು ಎಲ್ಲಿಂದ ಬಂತು ಅಂತ ಇನ್ನೂ ಹೇಳಿಲ್ಲ. ಬೇವಿನಮರದ ಹೊಲ ಪೋಡಿ (ಅಳತೆ ಮಾಡಿಸಿ ಬೇರೆ ಮಾಡುವುದು) ಮಾಡಿಸಲು ಮಾವ ಹಳೇ ಪತ್ರ ಹುಡುಕುತ್ತಿದ್ದರು. ನಾನಿನ್ನೂ ತವರಲ್ಲಿ ಬಾಣಂತಿ. ನಮ್ಮನೆಯವರು ಪತ್ರದ ಫೋಟೋ ತೆಗೆದು ನನಗೆ ಕಳಿಸಿದರು, ಹಳೇ ಕೈಬರಹ ಓದಲು ಬರುವುದು ನನಗೇ ಅಂತ. ಮೈಸೂರು ಸರ್ಕಾರದ ಛಾಪಾ ಕಾಗದ, 1938ನೇ ಇಸವಿ. ನಾಲ್ಕು ಮಡಿಕೆಯ ಜಾಗದಲ್ಲಿ ಕಾಗದ ಜಾಲರಿಯಾಗಿದೆ. ಖುಷ್ಕಿ (ಮಳೆಯಾಧಾರದ ಹೊಲ) 2 ಎಕರೆ 10 ಗುಂಟೆ, 180 ರೂಪಾಯಿಗೆ ಕ್ರಯ. ಕೊಂಡವರು ‘ಓಬಳಮ್ಮ ಕೋಂ ಲೇಟ್ ನರಸಪ್ಪ’, ಕೋಂ ಅಂದರೆ ಹೆಂಡತಿ. ಕೆಳಗೆ ನೀಲಿ ಮಸಿಯಲ್ಲಿ ಹೆಬ್ಬೆಟ್ಟು, ಅದರ ಪಕ್ಕ ಯಾರೋ ಸಣ್ಣಗೆ ‘ಓಬಳಮ್ಮನ ಎಡಗೈ ಹೆಬ್ಬೆಟ್ಟಿನ ಗುರುತು’ ಅಂತ ಬರೆದಿದ್ದಾರೆ. ದೊಡ್ಡದು ಮಾಡಿ ನೋಡಿದೆ. ಬೆರಳಿನ ಗೆರೆಗಳ ಮಧ್ಯೆ ಅಡ್ಡಕ್ಕೆ ಒಂದು ಬಿಳೀ ಗೀರು. ಮಾವನಿಗೆ ಫೋನ್ ಮಾಡಿ ಕೇಳಿದೆ. ‘ನಮ್ಮಜ್ಜಿ ಕಣಮ್ಮ. ಹುಣಿಸೇಹಣ್ಣು ಕುಟ್ಟೋವಾಗ ಬೆರಳು ಕುಯ್ಕಂಡಿದ್ಲಂತೆ. ಗಂಡ ಸತ್ತ ಮ್ಯಾಲೆ ಹಣ್ಣು ಕುಟ್ಟಿ ಮಾರಿ ಮಾರಿ ಆ ಹೊಲ ತಗಂಡ್ಲು. ನಾನು ಅವಳ ಮಡ್ಲಾಗೆ ಬೆಳೆದೋನು’ ಅಂದರು. ಆಮೇಲೆ ಮಾತು ಬರಲಿಲ್ಲ, ಫೋನ್ ಇಟ್ಟುಬಿಟ್ಟರು.

ಹೆಳವರು ಬಿಟ್ಟುಹೋದ ಮಾತು ಆಗ ಅರ್ಥವಾಯಿತು. ಮಡಿಲಲ್ಲಿ ‘ಓ’ ಅಕ್ಷರದ ಕೂಸು, ಕೈಯಲ್ಲಿ ಆ ಹೆಬ್ಬೆಟ್ಟು. ಇನ್ನು ಹುಡುಕುವುದೇನಿದೆ?

ಹೆಣ್ಣುಮಕ್ಕಳ ಹಳೇ ಹೆಸರು ಬೇಕಾದವರು ವಂಶಾವಳಿ ಹಿಡಿದು ಕೂರಬೇಡಿ. ‘ಕೋಂ’ ಅಂತ ಎಲ್ಲೆಲ್ಲಿ ಬರುತ್ತದೋ ಅಲ್ಲಿ ನೋಡಿ: ಕ್ರಯಪತ್ರ, ಭೋಗ್ಯದ ಪತ್ರ, ವಿಭಾಗಪತ್ರ. ಇನ್ನೂ ಒಂದು ಕಡೆ ಸಿಗುತ್ತದೆ, ಅಲ್ಲಿಂದಲೇ ಈಚೆಗೆ ಐದಾರು ಮನೆಗೆ ಹೆಸರು ತೆಗೆದುಕೊಟ್ಟಿದ್ದೇನೆ. ಆ ಜಾಗ ಮಾತ್ರ ಇಲ್ಲಿ ಬರೆಯಲ್ಲ. ಬರೆದರೆ ನಾಳೆಯೇ ಜನ ಹೋಗಿ ಆ ಪುಸ್ತಕಗಳನ್ನು ಹಿಂಡಿಬಿಡುತ್ತಾರೆ, ಅವು ಈಗಲೇ ಪುಡಿಯಾಗುತ್ತಿವೆ.

ಹೆಸರು ಸಿಕ್ಕ ಮೇಲೆ ಕೂಗಿ ನೋಡಬೇಕು. ಇದು ನಾನೇ ಕಂಡುಕೊಂಡದ್ದು. ಹೊಲದ ಬದುವಿನ ಮೇಲೆ ನಮ್ಮನೆಯವರನ್ನು ನಿಲ್ಲಿಸಿ, ಮೈದುನನನ್ನು ದೂರ ದೂರ ನಡೆಯಲು ಹೇಳಿ, ಹತ್ತು ಹನ್ನೆರಡು ಹೆಸರು ಕೂಗಿಸಿದೆ. ‘ಅದ್ವಿತ್’ ಬೇಲಿ ದಾಟಲಿಲ್ಲ. ‘ಶ್’, ‘ತ್’, ‘ಕ್’ ಅಂತ ಮುಗಿಯುವುದೆಲ್ಲ ನೂರು ಹೆಜ್ಜೆಯಲ್ಲಿ ಸತ್ತುಹೋಗುತ್ತದೆ. ‘ರಂಗಣ್ಣೋ’ ಚೆನ್ನಾಗಿ ಹೋಯಿತು. ‘ತಿಮ್ಮಕ್ಕೋ’ ಅದಕ್ಕಿಂತ ಚೆನ್ನ. ‘ಓಬಳಮ್ಮೋ’ ಮಾತ್ರ ಹಳ್ಳದಾಚೆ ಎಮ್ಮೆ ಮೇಯಿಸುತ್ತಿದ್ದವರೂ ತಿರುಗಿ ನೋಡುವ ಹಾಗೆ ಹೋಯಿತು, ಮುನ್ನೂರು ಹೆಜ್ಜೆಗೆ ಕಡಿಮೆ ಇಲ್ಲ. ಹೊಲದಿಂದ ಹೊಲಕ್ಕೆ ಕೂಗುತ್ತಾ ಬದುಕಿದ ಜನ ಕಟ್ಟಿದ ಹೆಸರು ಇವು, ಕೊನೆಯಲ್ಲಿ ಬಾಯಿ ತೆರೆದೇ ಇರುತ್ತದೆ.

ಒಪ್ಪಿಸುವುದು ದೊಡ್ಡ ಕಷ್ಟ. ನಮ್ಮನೆಯವರ ಸ್ನೇಹಿತರೊಬ್ಬರು ‘ಒಬಾಮಾ ಅಂತ ಕರೀತಾರೆ’ ಅಂದು ಅವರ ಮನಸ್ಸು ಕೆಡಿಸಿದರು. ನಾನು ಹೇಳಿದೆ, ಆ ಹೆಸರು ಅಲ್ಲಿನ ಜನಕ್ಕೂ ಮೊದಲು ವಿಚಿತ್ರವೇ ಆಗಿತ್ತು, ಎಂಟು ವರ್ಷ ಅಧ್ಯಕ್ಷರಾಗಲಿಲ್ಲವೇ. ಓರಗಿತ್ತಿ ಬಾಯಿ ಮುಚ್ಚಿಸಿದ್ದು ಒನಕೆ ಓಬವ್ವ. 2021ರಿಂದ ಸರ್ಕಾರವೇ ನವೆಂಬರ್ 11ಕ್ಕೆ ಜಯಂತಿ ಮಾಡುತ್ತಿದೆ. ಅತ್ತೆಯ ತಕರಾರು ಬೇರೆ, ಅದು ನ್ಯಾಯವಾದದ್ದು. ‘ನಮ್ಮತ್ತೆಯವರ ಅತ್ತೆ ಹೆಸರು ಅದು. ನಾನು ಸೊಸೆಯಾಗಿ ಬಂದಾಗಿನಿಂದ ಬಾಯಲ್ಲಿ ಅಂದಿಲ್ಲ. ಈಗ ಆ ಹೆಸರಿಡ್ಕಂಡು ಮಗೂನ ಬಯ್ಯಾದೆಂಗೆ?’ ಅಂದರು. ಇದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಕೊನೆಗೆ ಒಂದು ಉಪಾಯ ಮಾಡಿದೆ, ಅತ್ತೆ ತಾವಾಗೇ ಬಂದು ‘ಅದೇ ಇರಲಿ ಬಿಡು’ ಅನ್ನುವ ಹಾಗೆ. ಅದು ನಮ್ಮಿಬ್ಬರ ಮಧ್ಯೆಯೇ ಇರಲಿ. ಬಯ್ಯುವ ಪ್ರಶ್ನೆ ಹೀಗೆ ಬಗೆಹರಿಯಿತು: ಸಿಟ್ಟು ಬಂದರೆ ಅತ್ತೆ ‘ಏ ಇವಳೇ’ ಅನ್ನುತ್ತಾರೆ, ಹೆಸರು ಹಿಡಿದು ನಮ್ಮ ಮನೆಯಲ್ಲಿ ಮಗಳನ್ನು ಇವತ್ತಿನವರೆಗೂ ಯಾರೂ ಬೈದಿಲ್ಲ.

ಮಗನ ನಾಮಕರಣಕ್ಕೆ ಛತ್ರ, ಊಟ, ಫೋಟೋ ಅಂತ ಎಪ್ಪತ್ತು ಸಾವಿರ ಹೋಗಿತ್ತು. ಮಗಳದು ಮನೆಯಲ್ಲೇ, ಹದಿನೆಂಟೋ ಇಪ್ಪತ್ತೋ ಸಾವಿರ, ಬೆಳ್ಳಿ ಉಡಿದಾರವೂ ಸೇರಿ. ತಟ್ಟೆಯಲ್ಲಿ ಅಕ್ಕಿ ಹರಡಿ ಮಾವನ ಮುಂದಿಟ್ಟರು. ಅವರು ಓದಿದ್ದು ನಾಲ್ಕನೇ ಕ್ಲಾಸು. ಉಂಗುರ ಹಿಡಿದ ಕೈ ನಡುಗುತ್ತಿತ್ತು. ‘ಓ’ ಬರೆದರು, ‘ಬ’ ಬರೆದರು, ‘ಳ’ ಬರೆಯುವಾಗ ಅಕ್ಕಿ ಜರುಗಿ ಅಕ್ಷರ ಮುಚ್ಚಿಹೋಯಿತು. ಅಂಗೈಯಿಂದ ಸಮ ಮಾಡಿ ಮತ್ತೆ ಮೊದಲಿಂದ ಬರೆದರು. ಮೂರನೇ ಸಲಕ್ಕೆ ಪೂರ್ತಿಯಾಯಿತು. ಆಮೇಲೆ ತೊಟ್ಟಿಲಿಗೆ ಬಗ್ಗಿ ಕಿವಿಯಲ್ಲಿ ಹೇಳಬೇಕಾದ ಹೆಸರನ್ನು ಇಡೀ ಮನೆಗೆ ಕೇಳುವಂತೆ ಕೂಗಿಬಿಟ್ಟರು. ಮಗು ಬೆಚ್ಚಿ ಅತ್ತಿತು, ಅತ್ತೆಯೂ ಅತ್ತರು.

ದಾಖಲೆ ವಿಷಯ ಚುಟುಕಾಗಿ ಹೇಳುತ್ತೇನೆ. 21 ದಿನದೊಳಗೆ ಜನನ ನೋಂದಣಿ ಆಗಬೇಕು, ಹೆಸರು ಇಲ್ಲದೆಯೂ ಆಗುತ್ತದೆ. ಹೆಸರನ್ನು ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು, ಆದ್ದರಿಂದ ಆಸ್ಪತ್ರೆಯಲ್ಲೇ ಅವಸರದಲ್ಲಿ ಏನೋ ಒಂದು ಬರೆಸಬೇಡಿ. ನನ್ನ ಮಗಳಿಗೆ ಕೌಂಟರಿನಲ್ಲಿ ‘ಓಬಲಮ್ಮ’ ಅಂತ ಹೊಡೆದಿದ್ದರು. ಪರದೆ ನನ್ನ ಕಡೆ ತಿರುಗಿಸಿಕೊಂಡು ‘ಳ’ ಹಾಕಿಸಿಯೇ ಎದ್ದೆ. ಆಧಾರಿಗೆ ಹೋದಾಗ ಇಂಗ್ಲಿಷಿನಿಂದ ಕನ್ನಡಕ್ಕೆ ಕಂಪ್ಯೂಟರು ತಾನೇ ತಿರುಗಿಸಿಕೊಂಡು ‘ಒಬಾಲಮ್ಮ’ ಮಾಡಿತ್ತು, ಅದನ್ನೂ ಅಲ್ಲೇ ತಿದ್ದಿಸಿದೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗಂತೂ ಶಾಲೆಗೆ, ಪಾಸ್‌ಪೋರ್ಟಿಗೆ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಅಲ್ಲಿ ಒಂದಕ್ಷರ ತಪ್ಪಿದರೆ ನನ್ನ ಆರು ಸಾವಿರದ ಕಥೆ ನಿಮ್ಮದೂ ಆಗುತ್ತದೆ.

ಶಾಲೆ ಸೇರಿ ಮೂರು ತಿಂಗಳಾಯಿತು. ಇಬ್ಬರು ಆದ್ಯಾಗಳನ್ನು ಮಿಸ್ ಇನ್ಷಿಯಲ್ ಸೇರಿಸಿ ಕರೆಯುತ್ತಾರೆ, ನನ್ನ ಮಗಳನ್ನು ಹಾಗೆ ಕರೆಯುವ ಅಗತ್ಯ ಬಂದಿಲ್ಲ. ಮಾವ ದಿನಾ ಸಂಜೆ ಶಾಲೆ ಗೇಟಿನ ಹತ್ತಿರ ನಿಂತು ಹೆಸರು ಹಿಡಿದು ಕೂಗುತ್ತಾರೆ. ಎದುರುಗಡೆ ಬೇಕರಿಯವರಿಗೂ ಬಾಯಿಪಾಠವಾಗಿದೆ.

ಹೋದ ವಾರ ಮಗ ಬಂದು ‘ತಾತ ನನ್ನನ್ನ ಯಾಕೆ ಹಾಗೆ ಕೂಗಲ್ಲ? ನಂಗೂ ಒಂದು ಹುಡುಕಮ್ಮ’ ಅಂದ. ಕಾಗದದ ಮೇಲೆ ಅವನು ಅದ್ವಿತ್‌ನೇ ಇರಲಿ, ಮನೆಯಲ್ಲಿ ಕರೆಯಲು ಒಂದು ಹುಡುಕುತ್ತಿದ್ದೇನೆ. ಮಾವನ ಪೆಟ್ಟಿಗೆ ತಳದಲ್ಲಿ ಇನ್ನೂ ಎರಡು ಪತ್ರಗಳಿವೆ. ಬಿಚ್ಚಿದರೆ ಮಡಿಕೆಯಲ್ಲಿ ಹರಿದುಹೋಗುತ್ತವೆ ಅಂತ ಅವರು ಮುಟ್ಟಲು ಬಿಡುತ್ತಿಲ್ಲ. ದಸರಾ ರಜೆಗೆ, ಒದ್ದೆ ಬಟ್ಟೆಯ ಹಬೆಯಲ್ಲಿ ಮೆತ್ತಗೆ ಮಾಡಿ ತೆಗೆಯೋಣ ಅಂತ ಒಪ್ಪಿಸಿದ್ದೇನೆ.